ಬಲೂನ್ ಇಳಿಯುವಾಗ ಬುಟ್ಟಿ ವಾಲಿದರೆ
ಟರ್ಕಿಯ ಕಪಡೋಕಿಯಾದಲ್ಲಿ ಬಿಸಿಗಾಳಿ ಬಲೂನು ಇಳಿಯುವಾಗ ನಿಮ್ಮ ಬುಟ್ಟಿ ವಾಲಿ ನೆಲದ ಮೇಲೆ ಎಳೆದುಕೊಂಡು ಹೋಯಿತು, ಅದು ಪೈಲಟ್ ತಪ್ಪೇ, ಮುಂದಿನ ಸಲ ಮಂಡಿ ನೋವಿರುವ ಅಮ್ಮನನ್ನು ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಹಾಗಾದದ್ದಕ್ಕೆ ಬಹುಶಃ ನೆಲಮಟ್ಟದ ಗಾಳಿಯೇ ಕಾರಣ. ಒಳಗಿನ ಬಿಸಿಗಾಳಿ ಹೊರಹೋಗುವ ತನಕ ಬಲೂನು ಹಾಯಿಯ ಹಾಗೆ ಎಳೆಯುತ್ತದೆ. ಅಷ್ಟಕ್ಕೇ ಪೈಲಟ್ ತಪ್ಪು ಎನ್ನಲಾಗದು.

ಮುಂದಿನ ಸಲ ಪೈಲಟ್ ಹೇಳಿದ ಕೂಡಲೇ ಫೋನ್ ಒಳಗಿಡಿ. ಸಾಗುತ್ತಿರುವ ದಿಕ್ಕಿಗೆ ಬೆನ್ನು ಮಾಡಿ, ಬುಟ್ಟಿಯ ಗೋಡೆಗೆ ಒರಗಿ, ಕಾಲು ಜೋಡಿಸಿ ಮಂಡಿ ಮಡಚಿ. ಒಳಗಿನ ಹಗ್ಗದ ಹಿಡಿಗಳನ್ನೇ ಹಿಡಿಯಿರಿ, ಮೇಲಂಚನ್ನಲ್ಲ: ಬುಟ್ಟಿ ಮಗುಚಿದರೆ ಬೆರಳು ಜಜ್ಜುತ್ತದೆ. ಕೈಕಾಲು ಹೊರಗೆ ಚಾಚಬೇಡಿ. ನಿಂತಿತೆಂದು ನೀವಾಗಿಯೇ ಇಳಿಯಲೂಬೇಡಿ. ಭಾರ ಕಮ್ಮಿಯಾದರೆ ಬಲೂನು ಮತ್ತೆ ಮೇಲೇಳಬಹುದು.

ಅಮ್ಮನ ಮಂಡಿ ನೋವಿನ ಬಗ್ಗೆ ವೈದ್ಯರನ್ನೇ ಕೇಳಿ. ಮನೆಯಲ್ಲೇ ಮಂಡಿ ಮಡಚಿದ ಈ ಭಂಗಿಯಲ್ಲಿ ಅಮ್ಮನಿಗೆ ಒಂದೆರಡು ನಿಮಿಷ ಇರಲಾಗದಿದ್ದರೆ ಟಿಕೆಟ್ ಕಾಯ್ದಿರಿಸಬೇಡಿ.