ಹಳೆಯ ವಸ್ತು, ಹೊಸ ಬಳಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ಬಟ್ಟೆ, ಡಬ್ಬಿ, ಬಾಟಲಿಗಳನ್ನು ಬಿಸಾಡದೆ ಮತ್ತೊಂದಕ್ಕೆ ಬಳಸುವುದನ್ನು ನಮ್ಮ ಹಿರಿಯರಿಗೆ ಬಡತನವೇ ಕಲಿಸಿತ್ತು. ಕೈತುಂಬ ಸಂಬಳ ತರುವ ನನ್ನ ಸೊಸೆಯೂ ಈಗ ಅದನ್ನೇ ಮಾಡುತ್ತಾಳೆ. ಕೇಳಿದರೆ ಪರಿಸರಕ್ಕೆ ಒಳ್ಳೆಯದು ಎನ್ನುತ್ತಾಳೆ. ಇದರಿಂದ ನಿಜವಾಗಿ ಲಾಭವಿದೆಯೇ, ಅಥವಾ ಇದೂ ಒಂದು ಶೋಕಿಯೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಎರಡೂ ಇರಬಹುದು. ಯಾವುದು ಎಂದು ತಿಳಿಯಲು ನಿಮ್ಮ ಸೊಸೆ ಮಾಡಿದ ವಸ್ತುವಿನಿಂದಾಗಿ ಮನೆಗೆ ಬರಬೇಕಿದ್ದ ಯಾವ ಹೊಸ ವಸ್ತು ಬಾರದೆ ಉಳಿಯಿತು ಎಂದು ನೋಡಿದರೆ ಸಾಕು. ಹಳೆಯ ಲುಂಗಿಯನ್ನು ಹರಿದು ಅಡುಗೆಮನೆಯ ಮಸಿಬಟ್ಟೆ ಮಾಡಿಕೊಂಡಿದ್ದರಿಂದ ಅಂಗಡಿಯ ಸ್ಪಾಂಜು ತರುವುದು ನಿಂತಿದ್ದರೆ ಅದು ಲಾಭ. ಸ್ಪಾಂಜೂ ಬಂದು, ಮಸಿಬಟ್ಟೆಯೂ ಮೂಲೆಯಲ್ಲಿ ಬಿದ್ದಿದ್ದರೆ ಅದು ಹವ್ಯಾಸ ಮಾತ್ರ.

ಹಳೆಯದನ್ನು ಬಳಸಿದರೆ ಕಸ ಕಡಿಮೆಯಾಗುತ್ತದೆ ಎಂಬಲ್ಲಿಗೆ ಸಾಮಾನ್ಯವಾಗಿ ನಮ್ಮ ಯೋಚನೆ ನಿಂತುಬಿಡುತ್ತದೆ. ಕಸದ ಸಮಸ್ಯೆಯೇನೂ ಸಣ್ಣದಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ತಮ್ಮ ಊರಿನ ಪಕ್ಕದಲ್ಲಿ ಸುರಿಸಿಕೊಂಡ ಮಂಡೂರಿನ ಜನ ಹೋರಾಟಕ್ಕಿಳಿದು, 2014ರ ಕೊನೆಯ ಹೊತ್ತಿಗೆ ಅದು ನಿಲ್ಲುವಂತೆ ಮಾಡಬೇಕಾಯಿತು. ಆದರೆ ಬಟ್ಟೆಯಂತಹ ವಸ್ತುವಿನ ಹೆಚ್ಚಿನ ಹೊರೆ ಅದನ್ನು ಬಿಸಾಡುವಾಗಲ್ಲ, ತಯಾರಿಸುವಾಗಲೇ ಭೂಮಿಯ ಮೇಲೆ ಬಿದ್ದಿರುತ್ತದೆ. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಟೀ ಶರ್ಟ್ ಸಿದ್ಧವಾಗುವವರೆಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬ ಅಂದಾಜು ಎಲ್ಲೆಡೆ ಬಳಕೆಯಲ್ಲಿದೆ. ಗೊಬ್ಬರ, ಕೀಟನಾಶಕ, ನೂಲುವ ಗಿರಣಿಯ ವಿದ್ಯುತ್ತು, ಬಣ್ಣ ಹಾಕಿದ ನಂತರ ಹೊರಬೀಳುವ ಕೊಳಕು ನೀರು, ಸಾಗಾಟದ ಡೀಸೆಲ್ ಇವೆಲ್ಲ ಅದರ ಮೇಲಿನ ಲೆಕ್ಕ. ಒಮ್ಮೆ ತೆತ್ತ ಈ ಬೆಲೆ ವಾಪಸು ಬರುವುದಿಲ್ಲ. ಬಟ್ಟೆಯ ಆಯುಷ್ಯವನ್ನು ಹೆಚ್ಚಿಸಿ, ಅದೇ ಬೆಲೆಯನ್ನು ಇನ್ನೊಮ್ಮೆ ತೆರುವುದನ್ನು ಮುಂದೂಡಬಹುದು, ಅಷ್ಟೆ.

ಇನ್ನು ಬಡತನದ ಮಾತು. ಹಣವಿದ್ದವರ ಮನೆಗಳಲ್ಲೂ ಹಿಂದೆ ಕಾಗದವನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ, ಸಂದು ಬಿಟ್ಟ ಮೊರ, ಬುಟ್ಟಿಗಳಿಗೆ ಬಳಿಯುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟಾಗಿ ಹಿಡಿದು, ಒಣಗಿದ ಮೇಲೆ ರಾಗಿ ಹಿಟ್ಟೂ ಸೋರದಷ್ಟು ಸಂದುಗಳು ಮುಚ್ಚಿಹೋಗುತ್ತಿದ್ದವು. ಹೊಸ ಮೊರ ಕೊಳ್ಳಲಾರದೆ ಹೀಗೆ ಮಾಡುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಗಟ್ಟಿಯಿರುವ ವಸ್ತುವನ್ನು ಎಸೆಯುವುದು ಅವರಿಗೆ ಒಗ್ಗುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರ ಸೀರೆಗಳು, ಮಾವನವರ ಧೋತರಗಳು ಒಂದು ಟ್ರಂಕಿನ ತುಂಬ ಇವೆ. ಪಾತ್ರೆ ಮಾರುವವರಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳಲು ಮನಸ್ಸು ಬಾರದು. ಕೌದಿ ಮಾಡಿಸಬೇಕೆಂದಿದ್ದೇನೆ. ಎಲ್ಲ ಬಟ್ಟೆಯೂ ಆಗುತ್ತದೆಯೇ? ಮಷಿನ್ ಮೇಲೆ ಹೊಲಿಸಿದರೆ ಬೇಗ ಆಗುತ್ತದೆ ಎಂದು ದರ್ಜಿಯವರು ಹೇಳುತ್ತಾರೆ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಎಲ್ಲ ಬಟ್ಟೆಯೂ ಆಗುವುದಿಲ್ಲ. ಟ್ರಂಕನ್ನು ಮೊದಲು ಎರಡು ಪಾಲು ಮಾಡಿಕೊಳ್ಳಿ. ಹತ್ತಿಯ ಸೀರೆ, ಧೋತರ, ಹಾಸಿಗೆ ಬಟ್ಟೆಗಳು ಒಂದು ಕಡೆಗೆ, ಪಾಲಿಯೆಸ್ಟರ್ ಮತ್ತು ನೈಲಾನ್ ಸೀರೆಗಳು ಇನ್ನೊಂದು ಕಡೆಗೆ ಇರಲಿ. ಕೃತಕ ನೂಲಿನ ಬಟ್ಟೆ ಬೆವರನ್ನು ಹೀರುವುದಿಲ್ಲ. ಪದರಗಳ ನಡುವೆ ಜಾರುವುದರಿಂದ ಹೊಲಿಯುವವರ ಕೈಗೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಅಂತಹ ಕೌದಿಯ ಮೇಲೆ ಮಲಗುವುದು ಶಿಕ್ಷೆಯೇ ಸರಿ. ಅವುಗಳಿಂದ ಸಂತೆಚೀಲ ಹೊಲಿಸಿ. ಅವು ಬೇಗ ಹರಿಯುವುದಿಲ್ಲ, ತೊಳೆದರೆ ಗಳಿಗೆಯಲ್ಲಿ ಒಣಗುತ್ತವೆ. ಕೌದಿಯಲ್ಲಿ ದೋಷವಾಗುವ ಗುಣವೇ ಚೀಲದಲ್ಲಿ ಉಪಯೋಗಕ್ಕೆ ಬರುತ್ತದೆ.

ಹತ್ತಿಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ ಒಣಗಿಸಿದ ಮೇಲೆಯೇ ಹೊಲಿಗೆಗೆ ಕೊಡಿ. ಟ್ರಂಕಿನಲ್ಲಿ ಬಹುಕಾಲ ಮಡಿಸಿಟ್ಟ ಸೀರೆ ಮಡಿಕೆಯ ಗೆರೆಗಳಲ್ಲಿಯೇ ಮೊದಲು ಜೀರ್ಣವಾಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಅಲ್ಲಿ ನೂಲು ಸಡಿಲವಾಗಿರುವುದು ಕಾಣುತ್ತದೆ. ಅಂತಹ ಭಾಗಗಳು ಒಳಪದರಕ್ಕೆ ಹೋಗಲಿ. ಗಟ್ಟಿಯಾದ ಒಂದು ಸೀರೆ ಅಡಿಗೆ, ಇನ್ನೊಂದು ಮೇಲಕ್ಕೆ ಬರಲಿ. ಅತ್ತೆಯವರ ಇಳಕಲ್ ಸೀರೆಯಿದ್ದರೆ ಅದರ ಟೋಪ ತೆನೆಯ ಸೆರಗನ್ನು ಮೇಲ್ಭಾಗದ ನಡುವೆ ಕೂರಿಸಬಹುದು. ಆದರೆ ಸೆರಗಿನ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿ ನೋಡುವುದನ್ನು ಮರೆಯಬೇಡಿ. ಬಣ್ಣ ಬಿಟ್ಟರೆ ಪಕ್ಕದ ಬಿಳಿಯ ಧೋತರವೆಲ್ಲ ಮೊದಲ ಒಗೆತಕ್ಕೇ ಕೆಡುತ್ತದೆ.

ಮಷಿನ್ ಹೊಲಿಗೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಬಟ್ಟೆಯ ನಡುವೆ ಹತ್ತಿ ತುಂಬದೆ, ಜೀರ್ಣವಾದ ಪದರಗಳನ್ನೇ ಒಂದರ ಮೇಲೊಂದು ಹಾಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ಟಾಕು ಹಾಕುವುದು ಕೌದಿಯ ರೀತಿ. ಒಂದೊಂದೇ ಪದರವನ್ನು ಎಳೆದರೆ ಹರಿದುಹೋಗುತ್ತದೆ. ಆದರೆ ಹತ್ತಿರ ಹತ್ತಿರ ಬಿದ್ದ ಟಾಕುಗಳು ಎಳೆತವನ್ನು ಎಲ್ಲ ಪದರಗಳಿಗೂ ಹಂಚುವುದರಿಂದ, ಎಲ್ಲೋ ಒಂದು ಕಡೆ ಹರಿದರೂ ಆ ಹರಕು ಮುಂದಿನ ಸಾಲಿನ ಟಾಕಿಗೆ ಬಂದು ನಿಲ್ಲುತ್ತದೆ. ಕೈಹೊಲಿಗೆಯ ದಾರ ತುಸು ಸಡಿಲವಾಗಿರುವುದರಿಂದ ಕೌದಿ ಮೆತ್ತಗಿರುತ್ತದೆ. ಮಷಿನ್ ಹೊಲಿಗೆ ಬಿಗಿಯಾಗಿ ಕೂತು, ಸೂಜಿ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಚುಚ್ಚಿದಲ್ಲಿಯೇ ಹಳೆಯ ಬಟ್ಟೆ ಬಿಟ್ಟುಕೊಳ್ಳುತ್ತದೆ. ನಿಮ್ಮ ದರ್ಜಿಯವರ ಮಾತು ಹೊಸ ಬಟ್ಟೆಗೆ ಸರಿ.

ನಿಮ್ಮ ಭಾಗದಲ್ಲಿ ಮನೆಮನೆಗೆ ಬಂದು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಬಟ್ಟೆ ನಿಮ್ಮದೇ ಆದ್ದರಿಂದ ಕೆಲಸ ಅಗ್ಗವಾಗಬೇಕು ಎಂದು ಭಾವಿಸುವವರು ಬಹಳ. ಹಲವು ದಿನ ನೆಲದ ಮೇಲೆ ಕುಳಿತು, ಬೆನ್ನು ಬಗ್ಗಿಸಿ ಹಾಕುವ ಟಾಕಿಗೂ ಬಟ್ಟೆಯ ಬೆಲೆಗೂ ಸಂಬಂಧವಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಇದೇ ಜಾತಿಯದು. ಅದರ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿ ಮಾಡಿದ ಹೂಗಳನ್ನು ಹೊಲಿಯದೆ ಅವರು ಕೆಲಸ ಮುಗಿಯಿತು ಎನ್ನುವುದಿಲ್ಲ. ಆ ಕವಂದಿಗಳಿಗೆ ಇಂದು ವಿದೇಶಗಳಲ್ಲೂ ಮೆಚ್ಚುಗೆ ದೊರೆತಿದೆ. ಇಲ್ಲಿಯ ಕೌದಿಗೆ ನಾವು ಕೊಡುವ ಕೂಲಿಯಲ್ಲಿ ಆ ಗೌರವ ಕಾಣಬೇಕು.

ಪ್ರಶ್ನೆ: ಮಗನ ಶಾಲೆಯಲ್ಲಿ ‘ಕಸದಿಂದ ರಸ’ ಎಂದು ತಿಂಗಳಿಗೊಂದು ಚಟುವಟಿಕೆ ಕೊಡುತ್ತಾರೆ. ನೀರಿನ ಬಾಟಲಿಗಳಿಗೆ ಬಣ್ಣ ಬಳಿದು, ಮಿನುಗು ಅಂಟಿಸಿ ಪೆನ್ನು ಇಡುವ ಡಬ್ಬಿ ಮಾಡಿದ್ದೇವೆ. ಮನೆಯಲ್ಲಿ ಇಂತಹವು ತುಂಬಿಹೋಗಿವೆ.
– ಪೋಷಕರು, ಬೆಂಗಳೂರು

ಉತ್ತರ: ನಿಮ್ಮ ಮಗ ಶ್ರಮಪಟ್ಟಿದ್ದಾನೆ, ಅದಕ್ಕೆ ಮೆಚ್ಚುಗೆಯಿದೆ. ಆದರೆ ನೀರಿನ ಬಾಟಲಿ ಗುಜರಿಯಲ್ಲಿ ಬೆಲೆಯಿರುವ ಪ್ಲಾಸ್ಟಿಕ್. ಶುಚಿಯಾಗಿ ಒಣ ಕಸಕ್ಕೆ ಹಾಕಿದರೆ ಅದು ಚೂರಾಗಿ, ಕರಗಿ, ಪಾಲಿಯೆಸ್ಟರ್ ನೂಲಾಗುವ ಸಾಧ್ಯತೆ ಇರುತ್ತದೆ. ಬಣ್ಣ, ಅಂಟು, ಮಿನುಗು ಸೇರಿದ ಮೇಲೆ ಅದನ್ನು ಯಾವ ಗುಜರಿಯವರೂ ಕೊಳ್ಳುವುದಿಲ್ಲ. ರಸವಾಗುತ್ತಿದ್ದ ವಸ್ತುವನ್ನೇ ನಾವು ಕಸ ಮಾಡಿದಂತಾಯಿತು! ಪೋಷಕರ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ, ಗುಂಡಿ ಹಾಕುವುದು, ಬಿಚ್ಚಿದ ಹೊಲಿಗೆಯನ್ನು ಸೇರಿಸುವುದು, ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನು ಕೂಡಿಸಿ ಕಚ್ಚಾ ಪುಸ್ತಕ ಹೊಲಿಯುವುದು ಇಂತಹ ಚಟುವಟಿಕೆ ಕೊಡುವಂತೆ ಶಿಕ್ಷಕರನ್ನು ಕೇಳಿ.

ಪ್ರಶ್ನೆ: ತೋಟಕ್ಕೆ ಹೊಡೆಯುವ ಔಷಧಿಯ ದೊಡ್ಡ ಕ್ಯಾನುಗಳು ಗಟ್ಟಿಯಾಗಿರುತ್ತವೆ. ಚೆನ್ನಾಗಿ ತೊಳೆದು ದನಗಳಿಗೆ ನೀರು ತುಂಬಿಡಬಹುದೇ? ಹಳೆಯ ಟೈರುಗಳಲ್ಲಿ ಹೂವಿನ ಗಿಡ ಬೆಳೆಸುವ ಯೋಚನೆಯೂ ಇದೆ.
– ಕೃಷಿಕರು, ಹಾಸನ ಜಿಲ್ಲೆ

ಉತ್ತರ: ಕ್ಯಾನುಗಳನ್ನು ಖಂಡಿತ ಬಳಸಬೇಡಿ. ಔಷಧಿಯ ಅಂಶ ಪ್ಲಾಸ್ಟಿಕ್ಕಿನ ಒಳಮೈಗೆ ಇಳಿದಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಖಾಲಿ ಡಬ್ಬಿಗಳು ಮರುಬಳಕೆಗೆ ಸಿಗದಂತೆ ನಾಶಪಡಿಸಬೇಕೆಂದು 1971ರ ಕೀಟನಾಶಕ ನಿಯಮಗಳೂ ಹೇಳುತ್ತವೆ. ಔಷಧಿ ಬೆರೆಸುವಾಗಲೇ ಕ್ಯಾನನ್ನು ಮೂರು ಬಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ನಂತರ ಕ್ಯಾನಿಗೆ ತೂತು ಹಾಕಿಬಿಡಿ. ತೂತು ಬಿದ್ದ ಕ್ಯಾನನ್ನು ನೀರಿಗೆಂದು ಯಾರೂ ಎತ್ತಿಕೊಂಡು ಹೋಗಲಾರರು. ದನಗಳ ನೀರಿಗೆ ಅಡುಗೆ ಎಣ್ಣೆಯ ಕ್ಯಾನಿನ ಮೇಲ್ಭಾಗ ಕತ್ತರಿಸಿದರೆ ಆಯಿತು.

ಟೈರಿನಲ್ಲಿ ಹೂವಿನ ಗಿಡ ಬೆಳೆಸಲು ಅಡ್ಡಿಯಿಲ್ಲ. ಸೊಪ್ಪು, ತರಕಾರಿ ಬೇಡ. ಆದರೆ ಟೈರಿನ ಒಳಸುತ್ತಿನಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ನೀರಿನಲ್ಲಿಯೇ, ಮತ್ತು ನೀರು ಆರಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ಟೈರಿನ ತಳದ ಸುತ್ತ ನಾಲ್ಕಾರು ಕಡೆ ದೊಡ್ಡ ತೂತು ಕೊರೆದು, ಒಳಸುತ್ತಿನ ಪೊಳ್ಳು ಉಳಿಯದಂತೆ ಮಣ್ಣನ್ನು ಒತ್ತಿ ತುಂಬಿಸಿ. ಬಳಸದೆ ಉಳಿದ ಟೈರುಗಳನ್ನು ಮಳೆಗೆ ಮೊದಲೇ ಗುಜರಿಗೆ ಹಾಕಿ.