ನವಗ್ರಹ ನಂಬುವವರು ಖಗೋಳ ಓದಬಾರದೇ?

ನೀವು ಕೇಳಿದ್ದು ಇಷ್ಟು: ಚಿಕ್ಕಂದಿನಿಂದ ದೈವಭಕ್ತರು, ಈಗ ಖಗೋಳ ಓದತೊಡಗಿದ್ದೀರಿ. ರಾಹು-ಕೇತು ಎಂಬ ಗ್ರಹಗಳೇ ಇಲ್ಲ, ಸೂರ್ಯ ಒಂದು ನಕ್ಷತ್ರ ಅನ್ನುತ್ತದೆ ಪುಸ್ತಕ. ಮನೆಯಲ್ಲಿ ನೋಡಿದರೆ ನಿಮಗೆ ಸಾಡೇಸಾತಿ ನಡೆಯುತ್ತಿದೆ, ಶಾಂತಿ ಮಾಡಿಸು ಅನ್ನುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾ?

ನಾನು ದೇವರಿಗೆ ದಿನಾ ಕೈ ಮುಗಿಯುವವನು, ಜಾತಕ ನಂಬದವನು. ಸಣ್ಣ ದೂರದರ್ಶಕ ಇಟ್ಟುಕೊಂಡು ಆಕಾಶ ನೋಡುವ ಚಟವೂ ಇದೆ. ಹಾಗಾಗಿ ಎರಡೂ ಕಡೆಯವರಿಂದ ಬೈಸಿಕೊಂಡು ಅಭ್ಯಾಸವಾಗಿದೆ.

ರಾಹುವಿನಿಂದಲೇ ಶುರು ಮಾಡೋಣ. ಆಕಾಶದಲ್ಲಿ ಸೂರ್ಯ ಸಾಗುವ ದಾರಿಗೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಈ ಎರಡು ದಾರಿಗಳು ಎರಡು ಕಡೆ ಒಂದನ್ನೊಂದು ದಾಟುತ್ತವೆ. ಒಂದು ರಾಹು, ಇನ್ನೊಂದು ಕೇತು. ಅಲ್ಲಿ ಕಲ್ಲು, ಮಣ್ಣು, ಅನಿಲ ಏನೂ ಇಲ್ಲ, ಬರೀ ಲೆಕ್ಕದ ಬಿಂದುಗಳು. ಅಮಾವಾಸ್ಯೆಯೋ ಹುಣ್ಣಿಮೆಯೋ ಆ ಬಿಂದುಗಳ ಹತ್ತಿರ ಬಂದರೆ ಮಾತ್ರ ಗ್ರಹಣ. ದಾರಿ ಓರೆಯಾಗಿಲ್ಲದಿದ್ದರೆ ಪ್ರತಿ ತಿಂಗಳೂ ಗ್ರಹಣ ಆಗಬೇಕಿತ್ತು. ಆ ಬಿಂದುಗಳು ಹಿಂದಕ್ಕೆ ಸರಿಯುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ರಾಹು ಯಾವಾಗಲೂ ವಕ್ರಗತಿ, ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ ಎಂದು ಪಂಚಾಂಗದವರು ಹೇಳುವುದು ಇದನ್ನೇ. ಅಂದರೆ ರಾಹು ಸುಳ್ಳಲ್ಲ, ಹಾವಿನ ದೇಹ ಇಲ್ಲ, ಅಷ್ಟೆ.

ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲೇ ಗ್ರಹಣವೆಂದರೆ ನೆರಳು ಎಂದಿದೆ: ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ನೆರಳು. ವರಾಹಮಿಹಿರನೂ ಗ್ರಹಣಕ್ಕೆ ರಾಹು ಕಾರಣ ಅಲ್ಲ ಎಂದ, ಆದರೆ ಫಲಜ್ಯೋತಿಷ್ಯದ ಗ್ರಂಥಗಳನ್ನೂ ಬರೆದ. ಗಣಿತಜ್ಞ ಬ್ರಹ್ಮಗುಪ್ತನ ಕಥೆ ಇನ್ನೂ ಸ್ವಾರಸ್ಯ. ನೆರಳಿನ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು, ಗ್ರಹಣದ ಗಣಿತವನ್ನು ಹಾಗೆಯೇ ಮಾಡಿದ. ಜೊತೆಗೆ, ಶಾಸ್ತ್ರ ಹೇಳಿದ ರಾಹುವನ್ನು ಅಲ್ಲಗಳೆದವರನ್ನು ಬೈದ. 11ನೇ ಶತಮಾನದಲ್ಲಿ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಇದನ್ನು ಓದಿ, ಇಷ್ಟು ತಿಳಿದವನು ಹೀಗೇಕೆ ಬರೆದ ಎಂದು ತರಾಟೆಗೆ ತೆಗೆದುಕೊಂಡ. ನಿಮ್ಮ ತಲೆಯಲ್ಲಿ ಈಗ ನಡೆದಿರುವ ಜಗಳಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ.

ನವಗ್ರಹದ ಪಟ್ಟಿಯಲ್ಲಿ ಸೂರ್ಯ-ಚಂದ್ರ ಇದ್ದು ಭೂಮಿ ಇಲ್ಲದಿರುವುದಕ್ಕೆ ದೊಡ್ಡ ರಹಸ್ಯವೇನಿಲ್ಲ. ರಾಹು-ಕೇತು ಬಿಟ್ಟರೆ ಉಳಿದ ಏಳರದ್ದು ಇಷ್ಟೇ: ಭೂಮಿಯ ಮೇಲೆ ನಿಂತು, ಬರಿಗಣ್ಣಿನಿಂದ, ನಕ್ಷತ್ರಗಳ ನಡುವೆ ಜಾಗ ಬದಲಿಸುವವರನ್ನು ಗುರುತು ಹಾಕಿಕೊಂಡರು. 1781ರಲ್ಲಿ ದೂರದರ್ಶಕಕ್ಕೆ ಸಿಕ್ಕ ಯುರೇನಸ್ ಅದರಲ್ಲಿ ಇಲ್ಲದಿರುವುದೂ ಅದಕ್ಕೇ.

ಇನ್ನು ಶನಿ. ಸಾಡೇಸಾತಿಗೆ ಏಳೂವರೆ ವರ್ಷವೇ ಯಾಕೆ? ಶನಿಗೆ ಸೂರ್ಯನ ಸುತ್ತ ಒಂದು ಸುತ್ತು ಹಾಕಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ಇಲ್ಲಿಯವರೆಗೆ ಅಪ್ಪಟ ಖಗೋಳ, ನಾನೂ ಒಪ್ಪುತ್ತೇನೆ. ಆ ಏಳೂವರೆ ವರ್ಷ ಕೆಲಸ ಹೋಗುತ್ತದೆ, ಮದುವೆ ತಡವಾಗುತ್ತದೆ ಅನ್ನುವುದು ಬೇರೆಯೇ ಮಾತು, ಆ ಲೆಕ್ಕಕ್ಕೆ ಅಂಟಿಸಿದ್ದು. ಯೋಚಿಸಿ: ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತದೆ. ಅಂದರೆ ಈ ಗಳಿಗೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಶನಿಕಾಟ. ಅಷ್ಟು ಜನರಲ್ಲಿ ಯಾರಿಗೋ ಕಷ್ಟ ಬಂದೇ ಬರುತ್ತದೆ, ಶನಿ ಇರಲಿ ಬಿಡಲಿ.

ಫಲ ಹೇಳುವುದನ್ನು ಪರೀಕ್ಷಿಸಿದವರೂ ಇದ್ದಾರೆ. ಖಗೋಳವಿಜ್ಞಾನಿ ಜಯಂತ್ ನಾರ್ಳೀಕರ್ ಮತ್ತು ಸಂಗಡಿಗರು ಓದಿನಲ್ಲಿ ಚುರುಕಾದ 100 ಮಕ್ಕಳ ಮತ್ತು ಬುದ್ಧಿಮಾಂದ್ಯರಾದ 100 ಮಕ್ಕಳ ಜಾತಕ ಸಿದ್ಧಮಾಡಿ, ಪ್ರತಿ ಜ್ಯೋತಿಷಿಗೆ 40ರಂತೆ ಕಳಿಸಿ, ಯಾವುದು ಯಾರದು ಹೇಳಿ ಎಂದರು. ಉತ್ತರ ಕೊಟ್ಟ 27 ಜ್ಯೋತಿಷಿಗಳ ಸರಾಸರಿ 46 ಶೇಕಡ. ನಾಣ್ಯ ಚಿಮ್ಮಿದ್ದರೂ 50ರ ಹತ್ತಿರ ಬರುತ್ತಿತ್ತು.

ಹಾಗಂತ ಭಕ್ತಿಯನ್ನು ಇದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಒಮ್ಮೆ ಪರಿಚಯದ ಅಜ್ಜಿಯೊಬ್ಬರಿಗೆ ಶನಿಯನ್ನು ತೋರಿಸಿದೆ. ಉಗುರಿನ ತುದಿಯಷ್ಟೂ ಇಲ್ಲದ ಹಳದಿ ಚುಕ್ಕೆ, ಸುತ್ತ ಬಳೆ, ಪಕ್ಕದಲ್ಲಿ ಶನಿಯ ಉಪಗ್ರಹ ಟೈಟಾನ್. "ಇವನೇನಾ?" ಅಂದವರೇ ಕೈ ಜೋಡಿಸಿದರು. ಆ ಬೆಳಕು ಹೊರಟು ಒಂದು ಗಂಟೆಗೂ ಮೇಲಾಗಿದೆ ಎಂದೆ. ಅದಕ್ಕೂ ಕೈ ಮುಗಿದರು. ಅಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ. ಕೈ ಮುಗಿಯುವುದು ಅಳೆದು ನೋಡುವ ಹೇಳಿಕೆಯಲ್ಲ. "ಇಂಥ ರಾಶಿಗೆ ಶನಿ ಬಂದರೆ ಇಂಥದ್ದು ಆಗುತ್ತದೆ" ಅನ್ನುವುದು ಅಳೆಯಬಹುದಾದ ಹೇಳಿಕೆ. ಜಾತಕ ನೋಡಿ ಹೇಳುವ ಅಂಥದ್ದೇ ಒಂದು ಮಾತನ್ನು ನಾರ್ಳೀಕರ್ ತಂಡ ಅಳೆದಾಗ ಅದು ಸೋತಿತು.

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ: ವಿಜ್ಞಾನವನ್ನು ನಂಬಿಕೆಗೆ ಸಾಕ್ಷಿಯಾಗಿ ಎಳೆದು ತರುವುದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲಮೇತ್ರ್ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅಂಥ ಸಿದ್ಧಾಂತವನ್ನು ದೈವಸೃಷ್ಟಿಗೆ ಪುಷ್ಟಿ ಎಂಬಂತೆ ಮಾತಾಡಿದಾಗ ಇರುಸುಮುರುಸಾದದ್ದು ಆ ಪಾದ್ರಿಗೇ. ಲಮೇತ್ರ್ ಅವರಿಗೆ ನಂಬಿಕೆ, ವಿಜ್ಞಾನ ಎರಡನ್ನೂ ಗಂಟುಹಾಕುವುದು ಬೇಕಿರಲಿಲ್ಲ. ಎಲ್ಲವೂ ವೇದದಲ್ಲೇ ಇತ್ತು ಎಂದು ದಿನಾ ಬೆಳಿಗ್ಗೆ ಸಂದೇಶ ಕಳಿಸುವ ನಮ್ಮ ಬಂಧುಗಳಿಗೆ ಈ ಪಾದ್ರಿಯ ಪರಿಚಯ ಮಾಡಿಸಬೇಕು.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ತಾಯಿಯ ಸಮಾಧಾನಕ್ಕೆ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ, ಖಗೋಳಕ್ಕೆ ಯಾವ ಅವಮಾನವೂ ಆಗುವುದಿಲ್ಲ. ಶನಿಕಾಟ ಎಂದು ಆಪರೇಷನ್ ಮುಂದೂಡಿ, ಸಾಲ ಮಾಡಿ ನೀಲಮಣಿ ಹಾಕಿ, ಒಪ್ಪಿದ ಸಂಬಂಧ ಬಿಡಿ ಅಂದರೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಗ್ರಹಣದ ದಿನ ಊಟ ಮಾಡಿ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬೇಡ ಎಂಬ ಹಿರಿಯರ ಮಾತನ್ನು ಮಾತ್ರ ಚಾಚೂತಪ್ಪದೆ ಪಾಲಿಸಿ: ಅಕ್ಷಿಪಟಲ ಸುಟ್ಟರೆ ಆ ಹೊತ್ತಿಗೆ ನೋವೂ ಗೊತ್ತಾಗುವುದಿಲ್ಲ. ಸೌರ ಕನ್ನಡಕ ಸಿಗದಿದ್ದರೆ ರಟ್ಟಿನಲ್ಲಿ ಸೂಜಿತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಗೋಡೆಯ ಮೇಲೆ ಬಿಂಬ ಬೀಳಿಸಿ ನೋಡಿ, ಮನೆಯವರನ್ನೂ ಕರೆಯಿರಿ.