ಪ್ರತಿಕ್ರಿಯೆ: 1902ರ ಹ್ಯಾಂಬರ್ಗ್ ಜನನ ದಾಖಲೆ ‘ನಮ್ಮಲ್ಲಿಲ್ಲ’ ಎಂದರೆ?

1902ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಮುತ್ತಜ್ಜನ ಜನನ ದಾಖಲೆ ಕೇಳಿದರೆ ಅಲ್ಲಿನ ನೋಂದಣಿ ಕಚೇರಿ ‘ನಮ್ಮಲ್ಲಿಲ್ಲ’ ಎಂದಿತು ಎಂದಿದ್ದೀರಿ. ಅದು ಕಳೆದುಹೋಗಿದೆ ಎಂದುಕೊಳ್ಳಬೇಡಿ. ಸ್ಟಾಂಡಸಾಮ್ಟ್, ಅಂದರೆ ನೋಂದಣಿ ಕಚೇರಿ, ಜನನ ಪುಸ್ತಕವನ್ನು 110 ವರ್ಷ, ಮದುವೆಯದನ್ನು 80, ಮರಣದ್ದನ್ನು 30 ವರ್ಷ ಇಟ್ಟುಕೊಳ್ಳುತ್ತದೆ. ಆಮೇಲೆ ಅವು ಪತ್ರಾಗಾರಕ್ಕೆ. ನಿಮ್ಮದು ಆ ಗಡಿ ಯಾವತ್ತೋ ದಾಟಿದೆ. ಹ್ಯಾಂಬರ್ಗಿನ ಸ್ಟಾಟ್ಸ್‌ಆರ್ಖೀಫ್‌ಗೆ, ಅಂದರೆ ರಾಜ್ಯ ಪತ್ರಾಗಾರಕ್ಕೆ, ಬರೆಯಿರಿ. ಪುಸ್ತಕ ಅಲ್ಲಿಗೆ ಹೋದ ಮೇಲೆ ನೆಂಟಸ್ತಿಕೆ ಸಾಬೀತುಪಡಿಸುವ ತಲೆನೋವೂ ಇಲ್ಲ.

ದೊಡ್ಡ ಊರಿನಲ್ಲಿ ನೋಂದಣಿ ಕಚೇರಿಗಳು ಹಲವು. ಆದ್ದರಿಂದ ಹೆಸರು, ಹುಟ್ಟಿದ ದಿನದ ಜೊತೆ ಮನೆಯಿದ್ದ ಬೀದಿ ಗೊತ್ತಿದ್ದರೆ ಅದನ್ನೂ ಕೊಡಿ. ಕಚೇರಿ, ವರ್ಷ, ನಮೂದಿನ ಸಂಖ್ಯೆ ಮೂರೂ ಸಿಕ್ಕರೆ ಕೆಲಸ ಮುಗಿದಂತೆ.

ಪ್ರಮಾಣಪತ್ರ ಕೇಳಬೇಡಿ, ಪುಸ್ತಕದ ಪುಟದ ನಕಲನ್ನೇ ಕೇಳಿ. ನಿಜವಾದ ನಿಧಿ ಅಂಚಿನಲ್ಲಿರುತ್ತದೆ: ಎಷ್ಟೋ ಸಲ ಮುಂದೆ ಆದ ಮದುವೆ, ಮರಣದ ಊರು ಮತ್ತು ಸಂಖ್ಯೆಯನ್ನು ಅಲ್ಲೇ ಗೀಚಿರುತ್ತಾರೆ.

ಓದುವಾಗ ಎಡವುವುದು ಎರಡು ಕಡೆ. ಮೇಲೆ ಕಾಣುವ ತಾರೀಖು ನೋಂದಣಿಯದು. ಹುಟ್ಟಿದ ದಿನ ಒಳಗಿನ ಬರಹದಲ್ಲಿದೆ, ವರ್ಷ ಅಕ್ಷರಗಳಲ್ಲಿರುತ್ತದೆ. ಇನ್ನೊಂದು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ: ಅದರ ‘e’ ನೋಡಲು ‘n’ನಂತೆ, ‘u’ ಮೇಲೊಂದು ಕೊಕ್ಕೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಇಡೀ ಜರ್ಮನಿಗೆ ಈ ಸರ್ಕಾರಿ ನೋಂದಣಿ ವ್ಯವಸ್ಥೆ ಬಂದದ್ದು 1876ರ ಜನವರಿ 1ರಿಂದ, ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಿಂದ. ಅದಕ್ಕೂ ಮುಂಚಿನದಕ್ಕೆ ಬಹುತೇಕ ಕಡೆ ಚರ್ಚಿನ ಪುಸ್ತಕವೇ ಗತಿ. ನಮ್ಮ ನಿಘಂಟಿನ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಅವರೂ ಅಲ್ಲೇ ಸಿಗಬೇಕು.